ಅಧ್ಯಕ್ಷರ ಆಲೂಗಡ್ಡೆ ಪರೀಕ್ಷೆ

ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು "ಎಲ್ಲಾ ಅವಳೇ ಮಾಡಿದ್ದು" ಅನ್ನುತ್ತಾರಲ್ಲ, ಅಮೆರಿಕದ ಅಧ್ಯಕ್ಷರ ಆಯ್ಕೆಯೂ ಹೆಚ್ಚುಕಡಿಮೆ ಹಾಗೆಯೇ. ಜಗತ್ತಿನ ಅತಿ ದೊಡ್ಡ ಖಜಾನೆಯ ಕೀಲಿಕೈ ಯಾರ ಸೊಂಟಕ್ಕೆ ಎನ್ನುವುದನ್ನು ಅಡುಗೆಮನೆ ತೀರ್ಮಾನಿಸುತ್ತದೆ. 1976ರ ಚುನಾವಣೆ ಪ್ರಚಾರದಲ್ಲಿ ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಟೆಕ್ಸಾಸ್‌ನಲ್ಲಿ ತಮಾಲೆ ಎಂಬ ಮೆಕ್ಸಿಕೋ ತಿಂಡಿಯನ್ನು ಅದನ್ನು ಸುತ್ತಿದ್ದ ಮುಸುಕಿನ ಜೋಳದ ಸಿಪ್ಪೆ ಸಮೇತ ಕಚ್ಚಿದರು. ಕೊಟ್ಟೆ ಕಡುಬನ್ನು ಹಲಸಿನೆಲೆ ಬಿಡಿಸದೆ ತಿಂದ ಹಾಗೆ. ಟೆಕ್ಸಾಸೂ ಹೋಯಿತು, ಕುರ್ಚಿಯೂ ಹೋಯಿತು.

ಆ ಪಾಠ ಕಲಿತವರು ಡೊನಾಲ್ಡ್ ಟ್ರಂಪ್. 2024ರ ಅಕ್ಟೋಬರ್ 20ರಂದು ಪೆನ್ಸಿಲ್ವೇನಿಯಾದ ಒಂದು ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಂಪು ಟೈ ಮೇಲೆ ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಕರಿದರು, ಉಪ್ಪು ಉದುರಿಸಿದರು, ಕಿಟಕಿಯಿಂದ ಪೊಟ್ಟಣ ಚಾಚಿದರು. ಅಂಗಡಿ ಆ ಹೊತ್ತು ಜನರಿಗೆ ಮುಚ್ಚಿತ್ತು. ಕಾರಿನಲ್ಲಿ ಬಂದ "ಗಿರಾಕಿ"ಗಳನ್ನು ಮೊದಲೇ ಆರಿಸಿಟ್ಟಿದ್ದರು. ಕಾಲೇಜು ದಿನಗಳಲ್ಲಿ ತಾನೂ ಇಂಥ ಅಂಗಡಿಯಲ್ಲಿ ದುಡಿದಿದ್ದೆ ಎಂದು ಚುನಾವಣೆಯ ಎದುರಾಳಿ ಕಮಲಾ ಹ್ಯಾರಿಸ್ ಹೇಳಿದ್ದೇ ಇದಕ್ಕೆಲ್ಲ ಮೂಲ. ಅದು ಸುಳ್ಳು ಎಂದರು ಟ್ರಂಪ್; ಪುರಾವೆ ಕೊಡಲಿಲ್ಲ. ಕಮಲಾಗಿಂತ ತಾನೀಗ ಹದಿನೈದು ನಿಮಿಷ ಜಾಸ್ತಿ ಕೆಲಸ ಮಾಡಿದ್ದೇನೆ ಎಂದು ಲೆಕ್ಕ ಮಾತ್ರ ಒಪ್ಪಿಸಿದರು.

ಅದೇ ಕಿಟಕಿಯಲ್ಲಿ ಪತ್ರಕರ್ತರೊಬ್ಬರು ಅಪಶಕುನದಂತೆ ಕೇಳಿಬಿಟ್ಟರು: ಕನಿಷ್ಠ ಕೂಲಿ ಏರಿಸುತ್ತೀರಾ? ಅಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿಗೆ ಅಂಟಿಕೊಂಡು ಕೂತಿದೆ. ಇವರೆಲ್ಲ ಕಷ್ಟಪಟ್ಟು ದುಡಿಯುವವರು, ಬಹಳ ಒಳ್ಳೆಯವರು ಎಂಬ ಉತ್ತರ ಬಂತು. ಕೂಲಿಯ ಬದಲು ಹೊಗಳಿಕೆ. ಅದಕ್ಕೆ ಬಜೆಟ್ಟೂ ಬೇಡ, ತೆರಿಗೆಯೂ ಇಲ್ಲ.

ತೆರಿಗೆ ಎಂದಾಗ ನೆನಪಾಯಿತು. ಟಿಪ್ಸ್ ಮೇಲೆ ತೆರಿಗೆ ಬೇಡ ಎಂದು ಟ್ರಂಪ್ ಅದೇ ವರ್ಷದ ಜೂನ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಘೋಷಿಸಿದ್ದರು. ಆಗಸ್ಟ್‌ನಲ್ಲಿ ಅದೇ ಲಾಸ್ ವೇಗಸ್‌ನಲ್ಲಿ ಹ್ಯಾರಿಸ್ ಅದನ್ನೇ ಹೇಳಿದರು. ಪಕ್ಕದ ಬೆಂಚಿನ ಉತ್ತರಪತ್ರಿಕೆ ನೋಡಿ ಬರೆದವರೂ ಹೆಸರು ತಮ್ಮದೇ ಬರೆಯುತ್ತಾರೆ, ಬಿಡಿ. ಇನ್ನು ಆಮದು ಸುಂಕ: ಟ್ರಂಪ್ ಪ್ರಕಾರ ಅದು ನಿಘಂಟಿನಲ್ಲೇ ಅತಿ ಸುಂದರ ಪದವಂತೆ, ಪರದೇಶದವರು ಕಟ್ಟುತ್ತಾರಂತೆ. ಬಂದರಿನಲ್ಲಿ ಅದನ್ನು ಕಟ್ಟುವವನು ಅಮೆರಿಕದ್ದೇ ಆಮದುದಾರ; ಬಿಲ್ಲಿಗೆ ಸೇರಿಸಿಕೊಳ್ಳುವುದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅರ್ಥಶಾಸ್ತ್ರ ತನಗೆ ತಿಳಿದಿರಬೇಕಾದಷ್ಟು ತಿಳಿದಿಲ್ಲ ಎಂದು ಬಾಯಿಬಿಟ್ಟು ಹೇಳಿದ ಒಬ್ಬ ಅಧ್ಯಕ್ಷ ಅಭ್ಯರ್ಥಿ ಇದ್ದರು, ಜಾನ್ ಮೆಕೇನ್. 2008ರ ಪ್ರಚಾರವಿಡೀ ಎದುರಾಳಿಗಳು ಆ ಮಾತನ್ನೇ ಹಿಡಿದು ಬಡಿದರು. ನಿಮಗೆ ಮನೆ ಎಷ್ಟಿವೆ ಎಂದು ಕೇಳಿದಾಗ ಸಿಬ್ಬಂದಿಯಿಂದ ಹೇಳಿಸುತ್ತೇನೆ ಎಂದರು. ಪಾಪ, ಆಗ ಅವರ ಕೈಗೆ ಆಲೂಗಡ್ಡೆ ಕರಿಯುವ ಜಾಲರಿ ಕೊಡುವವರು ಯಾರೂ ಹತ್ತಿರದಲ್ಲಿರಲಿಲ್ಲ.