ಸರ್ಕಾರಿ ಕಚೇರಿಗಳಿಗೆ ಹಸಿರು ನಿಯಮ ಕಡ್ಡಾಯ ಮಾಡಬೇಕೇ?

2025ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸರ್ಕಾರಿ ಕಚೇರಿ, ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಬಳಸಬಾರದು ಎಂದು ಸೂಚಿಸಿದರು. ಬಾಟಲಿ ಒಂದೇ ಸಾಲದು, ಕಾಗದ, ಕರೆಂಟು, ನೀರು, ಹಳೆ ಕಂಪ್ಯೂಟರ್ ಹೀಗೆ ಕಚೇರಿಯ ದಿನನಿತ್ಯದ ಎಲ್ಲದಕ್ಕೂ ನಿಯಮ ಬರಬೇಕು, ಪಾಲಿಸದಿದ್ದರೆ ಕೇಳುವವರು ಇರಬೇಕು ಅನ್ನುವುದು ಒಂದು ವಾದ. ಹಾಗೆ ಕಡ್ಡಾಯ ಮಾಡಿದರೆ ಪರಿಸರಕ್ಕೂ ಲಾಭವಿಲ್ಲ, ಕಚೇರಿಗೂ ಇಲ್ಲ ಅನ್ನುವುದು ಇನ್ನೊಂದು.

ಪರ: ನಿಯಮ ಬರೆದವರ ಮೇಜಿನಿಂದಲೇ ಶುರುವಾಗಲಿ

ಕರ್ನಾಟಕ ಪ್ಲಾಸ್ಟಿಕ್ ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಇಡೀ ದೇಶದಲ್ಲಿ ಏಕಬಳಕೆ ಪ್ಲಾಸ್ಟಿಕ್ ನಿಷೇಧ ಜಾರಿಯಾಗಿದ್ದು 2022ರ ಜುಲೈ 1ರಿಂದ. ನಾವು ಆರು ವರ್ಷ ಮುಂದಿದ್ದೆವು. ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟ, ಚಮಚ ಎಲ್ಲವೂ ನಮ್ಮ ಪಟ್ಟಿಯಲ್ಲಿದ್ದವು. ಆದರೂ ಸರ್ಕಾರಿ ಕಾರ್ಯಕ್ರಮಗಳ ವೇದಿಕೆ ಹಿಂದೆ ಫ್ಲೆಕ್ಸ್ ಕಟ್ಟುವುದು ನಿಲ್ಲಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಪ್ಲಾಸ್ಟಿಕ್ ಚೀಲ ಕಿತ್ತುಕೊಂಡು ದಂಡ ಹಾಕಿದವರು ಅಂಥ ವೇದಿಕೆ ಮೇಲೆ ಕೂತರೆ ಆ ಅಜ್ಜಿ ಕಾನೂನನ್ನು ಯಾಕೆ ನಂಬಬೇಕು? ಜನರಿಗೆ ಹೇಳುವುದನ್ನು ಸರ್ಕಾರ ಮೊದಲು ತನ್ನ ಕಚೇರಿಯಲ್ಲಿ ಮಾಡಿ ತೋರಿಸಬೇಕು. ಅದೂ 'ಸಾಧ್ಯವಾದರೆ ಪಾಲಿಸಿ' ಅನ್ನುವ ಧಾಟಿಯಲ್ಲಿ ಅಲ್ಲ. ಕಡ್ಡಾಯವಾಗಿ.

ಕಡ್ಡಾಯ ಯಾಕೆ ಅಂದರೆ, ವರ್ಗಾವಣೆ. ಆಸಕ್ತಿ ಇರುವ ಅಧಿಕಾರಿ ಒಬ್ಬರು ಬರುತ್ತಾರೆ. ಹಸಿ ಕಸ ಒಣ ಕಸ ಬೇರೆ ಮಾಡಿಸುತ್ತಾರೆ, ಸಭೆಗೆ ಸ್ಟೀಲ್ ಲೋಟ ತರಿಸುತ್ತಾರೆ, ಕಾಂಪೌಂಡಿನಲ್ಲಿ ಗಿಡ ನೆಡಿಸುತ್ತಾರೆ. ಒಂದೆರಡು ವರ್ಷಕ್ಕೆ ಅವರಿಗೆ ವರ್ಗ ಆಗುತ್ತದೆ. ಮುಂದೆ ಬಂದವರ ಆಸಕ್ತಿ ಬೇರೆ. ಲೋಟ ಬೀರು ಸೇರುತ್ತವೆ, ಬಾಟಲಿ ಕ್ರೇಟು ವಾಪಸ್ ಬರುತ್ತದೆ, ಗಿಡಕ್ಕೆ ನೀರು ಹಾಕುವವರಿಲ್ಲ. ಒಳ್ಳೆಯ ಅಭ್ಯಾಸ ಒಬ್ಬರ ಮನಸ್ಸಿನ ಮೇಲೆ ನಿಂತಿರುವ ತನಕ ಇದೇ ಗತಿ. ಸಹಿ ಮಾಡಿ ಹೋದವರ ಜೊತೆ ಹೋಗದೆ ಕಚೇರಿಯಲ್ಲೇ ಉಳಿಯುವುದು ನಿಯಮ ಮಾತ್ರ.

ಈಗ ಕಾಗದದ ವಿಷಯಕ್ಕೆ ಬರೋಣ. ಯಾವುದಾದರೂ ಸರ್ಕಾರಿ ಆದೇಶದ ಕೊನೆ ಪುಟ ತಿರುಗಿಸಿ ನೋಡಿ. 'ಇವರಿಗೆ' ಅಂತ ಶುರುವಾಗಿ ಹತ್ತು ಹದಿನೈದು ಹೆಸರು. ಕಡೆಗೆ 'ಶಾಖಾ ರಕ್ಷಾ ಕಡತ / ಹೆಚ್ಚುವರಿ ಪ್ರತಿಗಳು'. ಆದೇಶದ ವಿಷಯ ಅರ್ಧ ಪುಟ ಇರಬಹುದು. ಅದು ಹತ್ತಾರು ಕಚೇರಿಗೆ ಹೋಗಿ, ಪ್ರತಿ ಕಡೆಯೂ ಟಪಾಲಿನಲ್ಲಿ ಇನ್‌ವರ್ಡ್ ಆಗಿ, ಮತ್ತೆ ಜೆರಾಕ್ಸ್ ಆಗಿ, ಕೆಳಗಿನ ಕಚೇರಿಗಳಿಗೆ ಹಂಚಿಕೆಯಾಗುತ್ತದೆ. ಹೆಚ್ಚಿನವು ಹಾಳೆಯ ಒಂದೇ ಬದಿಯಲ್ಲಿ. ಒಂದು ರೀಮ್ ಎ4 ಅಂದರೆ 500 ಹಾಳೆ, ಸುಮಾರು ಎರಡೂಕಾಲು ಕೆ.ಜಿ. ತೂಕ. ಎರಡೂ ಬದಿ ಮುದ್ರಿಸಿದರೆ ಅರ್ಧ ರೀಮ್ ಸಾಕು. ಸುಪ್ರೀಂ ಕೋರ್ಟ್ ಇದನ್ನು ಮಾಡಿ ತೋರಿಸಿದೆ. ದೊಡ್ಡ ಲೀಗಲ್ ಹಾಳೆಯ ಒಂದೇ ಬದಿಯಲ್ಲಿ ಬರೆಯುವ ಪದ್ಧತಿ ಬಿಟ್ಟು, 2020ರ ಏಪ್ರಿಲ್‌ನಿಂದ ಎ4 ಹಾಳೆಯ ಎರಡೂ ಬದಿ ಬಳಸಲು ಹೇಳಿತು. ನ್ಯಾಯದಾನಕ್ಕೆ ಅದರಿಂದ ಏನೂ ಕೊರತೆ ಆಗಲಿಲ್ಲ.

ಕಾಗದ ಎಲ್ಲಿಂದ ಬರುತ್ತದೆ ಅನ್ನುವುದು ಮಲೆನಾಡಿನವರಿಗೆ ಗೊತ್ತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗಾಗಿ ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳಲ್ಲಿ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯ ಭೂಮಿಯಲ್ಲಿ ಅಕೇಶಿಯಾ, ನೀಲಗಿರಿ ಬೆಳೆಸಿದರು. ನೆಲದ ಮೇಲೆ ಹುಲ್ಲಿಲ್ಲ, ದನಕ್ಕೆ ಮೇವಿಲ್ಲ, ಹಕ್ಕಿಗೆ ಹಣ್ಣಿಲ್ಲ. ಕಾರ್ಖಾನೆ 2015ರ ಹೊತ್ತಿಗೆ ನಿಂತೇಹೋಯಿತು, ತೋಪು ಉಳಿಯಿತು. 2020ರಲ್ಲಿ ಗುತ್ತಿಗೆ ಮುಗಿದಾಗ ಮತ್ತೆ 40 ವರ್ಷಕ್ಕೆ ವಿಸ್ತರಿಸಲಾಯಿತು. 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಅಂತ ಜನ ಬೀದಿಗಿಳಿದರು. ಇವತ್ತು ನಮ್ಮ ಕಚೇರಿಗೆ ಬರುವ ಹಾಳೆ ಬೇರೆ ಕಡೆಯದು, ನಿಜ. ಅಲ್ಲೂ ಯಾವುದೋ ಊರಿನ ಗುಡ್ಡದಲ್ಲಿ ಇಂಥದ್ದೇ ತೋಪು ಇರುತ್ತದೆ ಅಲ್ವಾ? 'ಹೆಚ್ಚುವರಿ ಪ್ರತಿ' ಅಂತ ಟೈಪ್ ಮಾಡುವಾಗ ಆ ಊರಿನ ನೆನಪು ಬರಬೇಕು ಅನ್ನುವುದು ನನ್ನ ಆಸೆ.

ಕಡತವೇ ಇಲ್ಲದೆ ಆಡಳಿತ ನಡೆಯುವುದಿಲ್ಲ ಅನ್ನುವ ಮಾತೂ ಹಳೆಯದಾಯಿತು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿ ಕಂಪ್ಯೂಟರಿಗೆ ಬಂತು. ಈಗ 'ಭೂ ಸುರಕ್ಷಾ' ಯೋಜನೆಯಲ್ಲಿ ತಾಲ್ಲೂಕು ರೆಕಾರ್ಡ್ ರೂಮಿನ ಹಳೆ ದಾಖಲೆಗಳೂ ಸ್ಕ್ಯಾನ್ ಆಗುತ್ತಿವೆ. ಮುಟ್ಟಿದರೆ ಪುಡಿಯಾಗುವ ಹಾಳೆಯನ್ನು ರೈತನ ಮುಂದೆ ಮತ್ತೆ ಮತ್ತೆ ಬಿಚ್ಚುವುದು ತಪ್ಪುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ ಪುಟಕ್ಕೆ ಎರಡು ರೂಪಾಯಿ ತಗೊಂಡು ಕಟ್ಟುಗಟ್ಟಲೆ ಜೆರಾಕ್ಸ್ ಕೊಡುವ ಬದಲು, ಒಪ್ಪಿದವರಿಗೆ ಮೇಲ್ ಮಾಡಬಹುದು.

ಕರೆಂಟಿನ ಲೆಕ್ಕ ಇನ್ನೂ ಸುಲಭ. ಹಳೆ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಕಮ್ಮಿ ಕರೆಂಟಿನಲ್ಲಿ ಓಡುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. 40 ಫ್ಯಾನಿರುವ ಕಚೇರಿಯಲ್ಲಿ ದಿನಕ್ಕೆ ಎಂಟು ಗಂಟೆ ಓಡಿದರೆ ಉಳಿಯುವುದು 14.4 ಯೂನಿಟ್. ವರ್ಷಕ್ಕೆ 250 ಕೆಲಸದ ದಿನ ಹಿಡಿದರೆ 3,600 ಯೂನಿಟ್. ಇದು ಒಂದೇ ಕಚೇರಿಯ ಫ್ಯಾನಿನ ಲೆಕ್ಕ. ಸರ್ಕಾರ ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ. ಎಲ್‌ಇಡಿ ಬಲ್ಬಿನ ವಿಷಯದಲ್ಲಿ ಆಗಿದ್ದು ಇದೇ. 2014ರಲ್ಲಿ ಸಗಟು ಖರೀದಿಯಲ್ಲೇ 300 ರೂಪಾಯಿ ದಾಟಿದ್ದ ಬಲ್ಬು ಎರಡು ಮೂರು ವರ್ಷದಲ್ಲಿ 40 ರೂಪಾಯಿ ಹತ್ತಿರಕ್ಕೆ ಬಂತು. ನಮ್ಮಲ್ಲಿ ಅದು 'ಹೊಸ ಬೆಳಕು' ಅನ್ನುವ ಹೆಸರಲ್ಲಿ ಮನೆಮನೆಗೆ ಹೋಯಿತು. ಟೆಂಡರ್ ಷರತ್ತಿನಲ್ಲಿ ಒಂದು ಸಾಲು ಬದಲಾದರೆ ಮಾರುಕಟ್ಟೆಯೇ ಬದಲಾಗುತ್ತದೆ. ಆ ಬಲ ಸರ್ಕಾರಕ್ಕೆ ಇದೆ, ನನಗೂ ನಿಮಗೂ ಇಲ್ಲ.

ನೀರಿನದೂ ಅಷ್ಟೇ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ವಾಣಿಜ್ಯ ಕಟ್ಟಡಗಳ ನಲ್ಲಿಗೆ ನೀರಿನ ಹರಿವು ತಗ್ಗಿಸುವ ಏರಿಯೇಟರ್ ಕಡ್ಡಾಯ ಮಾಡಿತು. ಜನ ಹಾಕಿಸಿದರು. ಕಲಬುರಗಿ ವಿಭಾಗದಲ್ಲಿ ಬೇಸಿಗೆ ಬಂದರೆ ಕಚೇರಿ ವೇಳೆಯೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಆದೇಶ ಬಂದರೆ ಕಚೇರಿಗಳು ಬದಲಾಗುತ್ತವೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಸಿಬ್ಬಂದಿಗೆ ಹೊರೆ ಆಗುತ್ತದೆ ಅನ್ನುವವರಿದ್ದಾರೆ. ಪ್ರಿಂಟರ್‌ನಲ್ಲಿ 'ಎರಡೂ ಬದಿ' ಅಂತ ಒಮ್ಮೆ ಹೊಂದಿಸಿದರೆ ಮತ್ತೆ ಮುಟ್ಟಬೇಕಿಲ್ಲ. ಫ್ಯಾನು ಬದಲಾಯಿಸಿದರೆ ಗುಮಾಸ್ತರು ಮಾಡಬೇಕಾದ ಕೆಲಸ ಏನೂ ಇಲ್ಲ. ಮೊದಲು ಇಂಥವನ್ನು ಕಡ್ಡಾಯ ಮಾಡಲಿ. ಪಾಲಿಸಿದ್ದಾರಾ ಇಲ್ಲವಾ ಅಂತ ಕರೆಂಟ್ ಬಿಲ್, ಕಾಗದದ ಇಂಡೆಂಟ್ (ಕಚೇರಿ ಸಲ್ಲಿಸುವ ಬೇಡಿಕೆ ಪಟ್ಟಿ) ನೋಡಿದರೆ ತಿಳಿಯುತ್ತದೆ.

ವಿರೋಧ: ಸುತ್ತೋಲೆ ಮೇಲಿಂದ ಬರುತ್ತದೆ, ಕೆಲಸ ಕೆಳಗಿನವರ ತಲೆಗೆ ಬೀಳುತ್ತದೆ

ಬಾಟಲಿ ಬೇಡ, ಸ್ಟೀಲ್ ಲೋಟ ಇಡಿ. ಸರಿ. ಸಭೆಗೆ 60 ಜನ ಬಂದರೆ 60 ಲೋಟ ತೊಳೆಯುವವರು ಯಾರು? ಡಿ ಗ್ರೂಪ್ ನೌಕರರು ನಿವೃತ್ತರಾದಂತೆ ಆ ಹುದ್ದೆಗಳು ಖಾಲಿ ಬಿದ್ದಿವೆ, ಅಥವಾ ಹೊರಗುತ್ತಿಗೆಗೆ ಹೋಗಿವೆ. ಆ ಹೊರಗುತ್ತಿಗೆ ಹೆಂಗಸು ಬೆಳಿಗ್ಗೆ ಎಂಟಕ್ಕೆ ಬಂದು ಕಸ ಗುಡಿಸಿ, ಟಾಯ್ಲೆಟ್ ತೊಳೆದು, ಟೀ ತಂದು, ಫೈಲು ಹೊತ್ತು ಓಡಾಡುತ್ತಾರೆ. ಸಂಬಳ ಎರಡು ಮೂರು ತಿಂಗಳು ತಡವಾಗುವುದೂ ಉಂಟು. ನಾಳೆಯಿಂದ ಲೋಟಗಳೂ ಅವರ ಪಾಲಿಗೇ ಬರುತ್ತವೆ. ಸುತ್ತೋಲೆಯಲ್ಲಿ ಅವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನನ್ನ ವಿರೋಧ ಇರುವುದು ಸ್ಟೀಲ್ ಲೋಟದ ಮೇಲಲ್ಲ. ಜನ ಕೊಡದೆ, ಹಣ ಕೊಡದೆ ಬರೀ ಆದೇಶ ಕೊಡುವುದರ ಮೇಲೆ.

ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷದಷ್ಟು ಹುದ್ದೆ ಖಾಲಿ ಇವೆ ಅಂತ ವರ್ಷಗಳಿಂದ ಕೇಳುತ್ತಿದ್ದೇವೆ. ಇರುವವರು ಇಬ್ಬರ ಕೆಲಸ ಮಾಡುತ್ತಿದ್ದಾರೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಕೂತಿದ್ದು ಯಾಕೆ? ಬೆಳೆ ಸಮೀಕ್ಷೆಯಿಂದ ಹಿಡಿದು ಆಧಾರ್ ಜೋಡಣೆ ತನಕ ಮೊಬೈಲ್ ಆ್ಯಪ್ ಮೇಲೆ ಆ್ಯಪ್ ಹೇರಿದರು, ಕೂರಲು ಸರಿಯಾದ ಕಚೇರಿ, ಮೇಜು, ಲ್ಯಾಪ್‌ಟಾಪ್ ಕೊಡಲಿಲ್ಲ ಅಂತ. ಕಾಗದ ಉಳಿಸುವ ಆಡಳಿತ ಆಗಲೇ ಬಂದಿತ್ತು. ಅದನ್ನು ನಡೆಸಲು ಬೇಕಾದ್ದು ಮಾತ್ರ ಬಂದಿರಲಿಲ್ಲ.

ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಒಳ್ಳೆಯದು, ನಾನು ಒಪ್ಪುತ್ತೇನೆ. ಆದರೆ ತಾಲ್ಲೂಕು ಮಟ್ಟದಲ್ಲಿ ಅದು ಹೇಗೆ ನಡೆಯುತ್ತದೆ ನೋಡಿ. ರೈತ ಅರ್ಜಿ ಕೊಡುತ್ತಾನೆ, ಜೊತೆಗೆ ಏಳೆಂಟು ಜೆರಾಕ್ಸ್. ಟಪಾಲು ಶಾಖೆಯವರು ಅದನ್ನು ಸ್ಕ್ಯಾನ್ ಮಾಡುತ್ತಾರೆ. ಸ್ಕ್ಯಾನರ್ ಒಂದೇ ಇರುತ್ತದೆ, ಸಾಲು ಬೆಳೆಯುತ್ತದೆ. ಹಳೆ 'ನುಡಿ' ಅಕ್ಷರದಲ್ಲಿ ಟೈಪ್ ಮಾಡಿದ ಪತ್ರವನ್ನು ಟಿಪ್ಪಣಿಗೆ ಹಾಕಿದರೆ ಓದಲು ಬರುವುದಿಲ್ಲ, ಯೂನಿಕೋಡ್‌ಗೆ ತಿರುಗಿಸಬೇಕು. ಸರ್ವರ್ ನಿಂತರೆ ಕೆಲಸ ನಿಂತಿತು. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಮೂಲ ಕಾಗದ ಕೇಳುತ್ತಾರೆ ಅನ್ನುವ ಭಯಕ್ಕೆ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ಇ-ಕಡತದ ಪ್ರಿಂಟ್ ತೆಗೆದು ಪಕ್ಕದಲ್ಲಿ ಇನ್ನೊಂದು ಕಡತ ಇಟ್ಟುಕೊಳ್ಳುತ್ತಾರೆ. ಅವರನ್ನು ದೂರಬೇಡಿ. ಕಡತ ಕಳೆದರೆ ಇಲಾಖಾ ವಿಚಾರಣೆ ಎದುರಿಸುವವರು ಅವರೇ. ಆ ಭಯ ಹೋಗುವ ಹಾಗೆ ಹೊಣೆಯ ನಿಯಮ ತಿದ್ದದೆ 'ಪ್ರಿಂಟ್ ತೆಗೆಯಬೇಡಿ' ಅಂದರೆ ಅವರು ತೆಗೆಯುತ್ತಲೇ ಇರುತ್ತಾರೆ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಕಚೇರಿಯ ಕಾಗದ ಸುಮ್ನೆ ಮಾಯವಾಗುವುದಿಲ್ಲ, ಸೈಬರ್ ಸೆಂಟರಿಗೆ ಹೋಗುತ್ತದೆ. ಆನ್‌ಲೈನ್ ಅರ್ಜಿ ಹಾಕಲು ರೈತ ಅಲ್ಲಿಗೆ ಹೋಗುತ್ತಾನೆ. ದಾಖಲೆ ಜೆರಾಕ್ಸ್, ಸ್ಕ್ಯಾನಿಗೆ ದುಡ್ಡು, ಅರ್ಜಿಯ ಪ್ರಿಂಟ್, ಸ್ವೀಕೃತಿಯ ಪ್ರಿಂಟ್. ಕಚೇರಿಗೆ ಬಂದಾಗ 'ಪ್ರಿಂಟ್ ತಂದಿದ್ದೀರಾ?' ಅಂತ ಕೇಳುತ್ತಾರೆ. ಕಚೇರಿಯ ಇಂಡೆಂಟ್‌ನಲ್ಲಿ ಕಾಗದ ಕಮ್ಮಿಯಾಗುತ್ತದೆ, ಊರಿನಲ್ಲಿ ಕಮ್ಮಿಯಾಗುವುದಿಲ್ಲ. ಖರ್ಚು ಮಾತ್ರ ಸರ್ಕಾರದ ಜೇಬಿನಿಂದ ರೈತನ ಜೇಬಿಗೆ ದಾಟುತ್ತದೆ. ಇಂಡೆಂಟ್ ನೋಡಿ 'ಹಸಿರು ಕಚೇರಿ' ಅಂತ ಅಂಕ ಕೊಟ್ಟರೆ ಅದು ಸುಳ್ಳು ಲೆಕ್ಕ.

ವಸ್ತುಗಳ ಕಥೆ ಹೀಗೆ. ಹೊಸ ಕಂಪ್ಯೂಟರ್, ಯುಪಿಎಸ್ ಬರುತ್ತವೆ. ಕರೆಂಟ್ ಹೋಗಿ ಬಂದು ಬ್ಯಾಟರಿ ಕೆಲವೇ ವರ್ಷದಲ್ಲಿ ಸಾಯುತ್ತದೆ. ಅದರೊಳಗೆ ಸೀಸ ಇದೆ, ಆ್ಯಸಿಡ್ ಇದೆ. ವಿಲೇವಾರಿ ಮಾಡಬೇಕಾದರೆ ನಿರುಪಯುಕ್ತ ಅಂತ ಪ್ರಮಾಣಪತ್ರ, ಸಮಿತಿ, ಮೌಲ್ಯಮಾಪನ, ಹರಾಜು. ಅಷ್ಟು ಮಾಡಲು ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದ ವರಾಂಡದ ಮೂಲೆಯಲ್ಲಿ ಮುರಿದ ಕುರ್ಚಿ, ಹಳೆ ಮಾನಿಟರ್, ಸೋರುವ ಬ್ಯಾಟರಿ ಒಟ್ಟಿಗೆ ಬಿದ್ದಿರುತ್ತವೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್‌ನಿಂದ ನವೀಕರಣ ಆಗುತ್ತಿಲ್ಲ. ಗುಜರಿಗೆ ಹೋಗಬೇಕಾದ ಜೀಪುಗಳು ಕಾಂಪೌಂಡಿನಲ್ಲೇ ತುಕ್ಕು ಹಿಡಿಯುತ್ತಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಮಳೆಕೊಯ್ಲಿನ ಪೈಪು ಕಟ್ಟಿಕೊಂಡರೆ ಬಿಡಿಸಲು, ಚಾವಣಿಯ ಸೋಲಾರ್ ಫಲಕದ ಧೂಳು ಒರೆಸಲು ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆಯಲ್ಲೂ (ಖರ್ಚಿನ ಬಾಬ್ತಿನಲ್ಲೂ) ಹಣ ಸಿಗುವುದಿಲ್ಲ. ಹೊಸದು ಕೊಳ್ಳಲು ಅನುದಾನ ಬರುತ್ತದೆ, ಇದ್ದದ್ದನ್ನು ರಿಪೇರಿ ಮಾಡಲು ಬರುವುದಿಲ್ಲ.

ಎ.ಸಿ. 24 ಡಿಗ್ರಿಗಿಂತ ಕೆಳಗೆ ಇಳಿಸಬಾರದು ಅಂತ ನಿಯಮ ತಂದರೆ ಅದು ಅಧಿಕಾರಿಗಳ ಕೊಠಡಿಗೆ ಸರಿ. ರಾಯಚೂರಿನ ಮೇ ತಿಂಗಳಲ್ಲಿ ಕಾಂಕ್ರೀಟ್ ತಾರಸಿ ಕೆಳಗೆ ಕೂತ ಗುಮಾಸ್ತರಿಗೆ ಎ.ಸಿ. ಎಲ್ಲಿದೆ? 1860ರ ದಶಕದಲ್ಲಿ ಕಟ್ಟಿದ ಬೆಂಗಳೂರಿನ ಅಠಾರಾ ಕಚೇರಿಯ ಎತ್ತರದ ಚಾವಣಿ, ಉದ್ದ ವರಾಂಡ ನೋಡಿ. ಹಳೆ ತಾಲ್ಲೂಕು ಕಚೇರಿಗಳ ದಪ್ಪ ಗೋಡೆ, ಮಂಗಳೂರು ಹೆಂಚು ನೋಡಿ. ಫ್ಯಾನಿಲ್ಲದೆ ಕೂರಬಹುದಿತ್ತು. ಆಮೇಲೆ ನಾವು ಇಡೀ ರಾಜ್ಯಕ್ಕೆ ಹೆಚ್ಚುಕಮ್ಮಿ ಒಂದೇ ಬಗೆಯ ಮಿನಿ ವಿಧಾನಸೌಧ ಕಟ್ಟಿದೆವು. ಬೀದರ್‌ಗೂ ಅದೇ, ಮಡಿಕೇರಿಗೂ ಅದೇ. ಆ ತಪ್ಪನ್ನು ಈಗ ಸ್ವಿಚ್ ಆರಿಸಿ ಸರಿಮಾಡು ಅಂತ ಗುಮಾಸ್ತರಿಗೆ ಹೇಳುವುದು ನ್ಯಾಯವಲ್ಲ.

2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ ಸರ್ಕಾರಿ ಸಮಾರಂಭದಲ್ಲಿ ಹಾರ, ಹೂಗುಚ್ಛ ಬೇಡ, ಕನ್ನಡ ಪುಸ್ತಕ ಕೊಡಿ ಅಂದರು. ಆದೇಶವೂ ಬಂತು. ಈಗ ಯಾವ ಸಮಾರಂಭಕ್ಕಾದರೂ ಹೋಗಿ, ಹಾರಗಳನ್ನು ನೋಡುತ್ತೀರಿ. ಇನ್ನೂ ಹತ್ತು ನಿಯಮ ಸೇರಿಸಿದರೆ ಬರುವುದು ನಿಯಮ ಪಾಲಿಸಿದ್ದೇವೆ ಅನ್ನುವ ತಿಂಗಳಿಗೊಂದು ಅನುಪಾಲನಾ ವರದಿ. ಅದನ್ನು ತುಂಬಿ, ಪ್ರಿಂಟ್ ಹಾಕಿ, ಸಹಿ ಮಾಡಿಸಿ ಜಿಲ್ಲೆಗೆ ಕಳಿಸುವ ಕೆಲಸ ಮತ್ತೆ ಅದೇ ಗುಮಾಸ್ತರಿಗೆ.

ಅವರ ಅದೇ ಸಮಯಕ್ಕೆ ಬೇರೆ ಕೆಲಸ ಕಾದಿದೆ. ಒತ್ತುವರಿಯಾದ ಕೆರೆಯ ಅಳತೆ ಆಗಬೇಕು, ಸಾರ್ವಜನಿಕ ಬಳಕೆಗೆ ಬಿಟ್ಟ ಬಿ ಖರಾಬು ಜಮೀನಿನ ಪಟ್ಟಿ ಸರಿಯಾಗಬೇಕು, ಅಕ್ರಮ ಕಲ್ಲು ಗಣಿಯ ದೂರಿಗೆ ಸ್ಥಳ ಪರಿಶೀಲನೆ ಆಗಬೇಕು. ತಾಲ್ಲೂಕು ಕಚೇರಿ ಪರಿಸರ ಉಳಿಸುವುದಾದರೆ ಈ ಕಡತಗಳಿಂದ. ಒಂದು ಕೆರೆಯ ಒತ್ತುವರಿ ತೆರವಾದರೆ ಸಿಗುವ ಲಾಭ ಎಷ್ಟು ರೀಮ್ ಕಾಗದ ಉಳಿಸಿದರೂ ಸಿಗುವುದಿಲ್ಲ. ಸರ್ವೇಯರ್ ಇಲ್ಲದೆ ಆ ಕಡತಗಳು ವರ್ಷಗಟ್ಟಲೆ ಕೂತಿವೆ.

ಹಾಗಾಗಿ ನಾನು ಕೇಳುವುದು ಇಷ್ಟು. ರಿಪೇರಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಕೊಡಿ. ಖಾಲಿ ಇರುವ ಡಿ ಗ್ರೂಪ್ ಮತ್ತು ಸರ್ವೇಯರ್ ಹುದ್ದೆ ತುಂಬಿ. ಇ-ಕಡತಕ್ಕೆ ಕಾಗದದ ಕಡತದಷ್ಟೇ ಬೆಲೆ ಇದೆ ಅಂತ ವಿಚಾರಣೆ ನಡೆಸುವವರಿಗೂ ತಿಳಿಸಿ. ಇವು ಮೂರೂ ಆದ ಮೇಲೆ ಹಸಿರು ನಿಯಮದ ಸುತ್ತೋಲೆ ಬರಲಿ, ಆಗ ನಾನು ವಿರೋಧಿಸುವುದಿಲ್ಲ.