ಲಟ್ಟಣಿಗೆಗೆ ಬಂದ ಗಂಡಾಂತರ

ನಮ್ಮ ಮನೆ ಫ್ಲಶ್ ಟ್ಯಾಂಕಿಗೆ ಹಗಲು ಹೊತ್ತು ಯಾವ ಕಾಯಿಲೆಯೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ, ಹನುಮಂತನಗರದ ನಾಯಿಗಳೂ ಬೊಗಳಿ ಸುಸ್ತಾಗಿ ಮಲಗಿದ ಮೇಲೆ ಅದು ಶುರು ಮಾಡುತ್ತಿತ್ತು. ಸುಯ್ಯ್... ಖಾರ ತಿಂದವರು ಉಸಿರೆಳೆದ ಹಾಗೆ. ಹತ್ತು ನಿಮಿಷ ಬಿಟ್ಟು ಮತ್ತೆ ಸುಯ್ಯ್.

"ರೀ, ಪ್ಲಂಬರ್‌ಗೆ ಫೋನ್ ಮಾಡಿ" ಅಂದಳು ಹೆಂಡತಿ. ನಮ್ಮ ಏರಿಯಾದಲ್ಲಿ ಪ್ಲಂಬರ್ ಹೊಸ್ತಿಲು ದಾಟಿದರೆ 500 ರೂಪಾಯಿ. ಅದೂ "ಐದು ನಿಮಿಷದಲ್ಲಿ ಬಂದೆ ಸಾರ್" ಅಂದವರು ಬರುವುದು ಗುರುವಾರ. ಯಾವ ಗುರುವಾರ ಅಂತ ಮಾತ್ರ ಕೇಳಬಾರದು. "ಒಂದು ವಾಷರ್‌ಗೆ ಪ್ಲಂಬರ್ ಯಾಕೆ, ನಾನೇ ಮಾಡ್ತೀನಿ" ಅಂದೆ. ಅವಳು ಏನೂ ಮಾತಾಡಲಿಲ್ಲ. ಹದಿನಾರು ವರ್ಷ ಸಂಸಾರ ಮಾಡಿದವನಿಗೆ ಆ ಮೌನದ ಅರ್ಥ ಗೊತ್ತಾಗಬೇಕಿತ್ತು.

ದುಡ್ಡಿನ ಮಾತು ಬಿಡಿ, ನನಗೆ ಹೊಟ್ಟೆ ಉರಿದದ್ದು ನೀರಿಗೆ. ಕಾವೇರಿ ತೊರೆಕಾಡನಹಳ್ಳಿಯಿಂದ ನಮ್ಮ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬರುತ್ತಾಳೆ. ನಡುವೆ ಮೂರು ಕಡೆ ಪಂಪು ಹಾಕಿ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಅವಳನ್ನು ಹತ್ತಿಸುತ್ತಾರೆ. 2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆ ಅಲ್ವಾ? ಆಗ ನಾವು ಟ್ಯಾಂಕರ್‌ನವನಿಗೆ ಅಳಿಯನಿಗೂ ಮಾಡದಷ್ಟು ಉಪಚಾರ ಮಾಡಿದ್ದೆವು. ಅಷ್ಟು ಬೆಟ್ಟ ಹತ್ತಿ ಬಂದವಳು ನಮ್ಮ ಕಮೋಡಿನಲ್ಲಿ ಸುಮ್ನೆ ಇಳಿದು ಹೋಗುವುದು ಅಂದರೆ!

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದೆ. ಒಳಗೆ ನೀರು ಓವರ್‌ಫ್ಲೋ ಪೈಪಿನ ಬಾಯಿಗಿಂತ ಕೆಳಗೇ ಇತ್ತು. ಅಂದರೆ ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ ಫ್ಲೋಟಿನದು ತಪ್ಪಿಲ್ಲ, ತಳದ ವಾಷರ್‌ನಲ್ಲೇ ಸೋರಿಕೆ. ಖಾತ್ರಿಗೆ ಒಂದು ಪರೀಕ್ಷೆ ಉಂಟು. ಟ್ಯಾಂಕಿಗೆ ಬಣ್ಣ ಹಾಕಿ ಕಾಯಬೇಕು, ಫ್ಲಶ್ ಮಾಡದೆಯೇ ಕೆಳಗೆ ಕಮೋಡಿನಲ್ಲಿ ಬಣ್ಣ ಕಂಡರೆ ಕಳ್ಳ ಸಿಕ್ಕ ಹಾಗೆ. ಮಗಳ ಹುಟ್ಟುಹಬ್ಬದ ಕೇಕಿಗೆ ತಂದ ಕೆಂಪು ಬಣ್ಣದ ಸೀಸೆ ಇತ್ತು. ಧಾರಾಳವಾಗಿ ಸುರಿದು, ಕಾಯುವ ಹೊತ್ತಿಗೆ ಒಂದು ಕಾಫಿ ಅಂತ ಅಡುಗೆಮನೆಗೆ ಹೋದೆ.

ಅರ್ಧ ಗಂಟೆ ಬಿಟ್ಟು ತಿಂಡಿಗೆ ಕೂತಾಗ, ಶಿವಮೊಗ್ಗದಿಂದ ಬಂದಿದ್ದ ನಮ್ಮ ಮಾವ ಯಾಕೋ ಸಪ್ಪಗಿದ್ದರು. ದೋಸೆ ಮುರಿದು ಹಾಗೇ ಇಟ್ಟುಕೊಂಡಿದ್ದರು.

"ಅಳಿಯಂದ್ರೇ, ನಿನ್ನೆ ಬೀಟ್‌ರೂಟ್ ಪಲ್ಯ ಮಾಡಿದ್ರಾ?"

"ಇಲ್ಲ ಮಾವ, ಹುರುಳಿಕಾಯಿ."

"ಹುರುಳಿಕಾಯಿ..." ಅಂದು ಎದ್ದು ಕೈ ತೊಳೆದರು. ಮೇಷ್ಟ್ರಾಗಿದ್ದವರು, ಪಲ್ಯದ ಬಗ್ಗೆಯೂ ಪ್ರಶ್ನೋತ್ತರ ಮಾಡುತ್ತಾರೆ ಅಂದುಕೊಂಡೆ. ನನ್ನ ತಲೆ ತುಂಬಾ ವಾಷರ್.

ಮೊದಲು ನೀರು ನಿಲ್ಲಿಸಬೇಕಲ್ಲ? ಟ್ಯಾಂಕಿನ ಕೆಳಗಿನ ಆಂಗಲ್ ಕಾಕ್ ತಿರುಗಿಸಿದೆ. ಮನೆ ಕಟ್ಟಿದಾಗಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಇನ್ನೊಂಚೂರು ಬಲ ಹಾಕಿದೆ. ಹಿಡಿ ಕೈಗೆ ಬಂತು, ನೀರು ಅದರ ಪಾಡಿಗೆ ಬರುತ್ತಲೇ ಇತ್ತು. ಆಗ ಹೊಳೆಯಿತು: ಫ್ಲೋಟನ್ನು ಮೇಲಕ್ಕೆ ಎತ್ತಿ ಕಟ್ಟಿದರೆ ಟ್ಯಾಂಕು ತುಂಬಿದೆ ಅಂದುಕೊಂಡು ನೀರು ತಾನೇ ನಿಲ್ಲುತ್ತದೆ. ಟ್ಯಾಂಕಿನ ಮೇಲೆ ಅಡ್ಡಕ್ಕೆ ಒಂದು ಕೋಲು ಬೇಕು. ಸಿಕ್ಕಿದ್ದು ಲಟ್ಟಣಿಗೆ. ಹೂವು ಕಟ್ಟುವ ದಾರದಲ್ಲಿ ಫ್ಲೋಟಿನ ಕಡ್ಡಿಯನ್ನು ಅದಕ್ಕೆ ಬಿಗಿದೆ. ನೀರು ನಿಂತಿತು. ಆ ಕ್ಷಣ ಮನೆಯವರನ್ನೆಲ್ಲ ಕರೆದು ತೋರಿಸಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಟ್ಯಾಂಕು ಖಾಲಿ ಮಾಡಿ ಒಳಗಿನ ವಾಲ್ವನ್ನು ತಿರುಗಿಸಿ ಎತ್ತಿದೆ. ನಮ್ಮ ಸಂಪಿನಲ್ಲಿ ಕಾವೇರಿಗೆ ಬೋರ್ ನೀರೂ ಸೇರುತ್ತದೆ. ಆ ಗಡಸು ನೀರಿನ ಸುಣ್ಣ ವಾಷರ್ ಕೂರುವ ಜಾಗದಲ್ಲಿ ಹಪ್ಪಳದ ಹಾಗೆ ಗಟ್ಟಿ ಕಟ್ಟಿತ್ತು. ದೀಪ ಬೆಳಗುವ ಹುಣಸೆಹಣ್ಣು ತಂದು ಉಜ್ಜಿದೆ, ಬಿಟ್ಟುಕೊಂಡಿತು. ವಾಷರ್ ಮಾತ್ರ ಸೆಟೆದು ಹೋಗಿತ್ತು.

ಐವತ್ತಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ "ಫ್ಲಶ್ ಟ್ಯಾಂಕ್ ವಾಷರ್ ಕೊಡಿ" ಅಂದೆ.

"ಯಾವ ಟ್ಯಾಂಕ್ ಸಾರ್?"

"ಬಿಳೀದು."

ಅಂಗಡಿಯವರು ನನ್ನನ್ನು ಒಂದು ಸಲ ನೋಡಿ, "ಹಳೇ ವಾಷರ್ ತಗೊಂಬನ್ನಿ" ಅಂದರು. ಮನೆಗೆ ಹೋಗಿ ತಂದೆ. 30 ರೂಪಾಯಿ.

ಹೊಸದನ್ನು ಹಾಕಿ ವಾಲ್ವ್ ಕೂರಿಸಿದ್ದಾಯಿತು. ಇನ್ನು ದಾರ ಬಿಚ್ಚಬೇಕು. ಒದ್ದೆ ಗಂಟು, ಉಗುರಿಗೆ ಸಿಗಲಿಲ್ಲ. ಸ್ವಲ್ಪ ಜಾಸ್ತಿಯೇ ಎಳೆದೆ ಅಂತ ಕಾಣುತ್ತದೆ. ದಾರ ಕಿತ್ತು ಫ್ಲೋಟು ಕೆಳಗೆ ಬಿತ್ತು, ಲಟ್ಟಣಿಗೆ ಉರುಳಿತು. ಕಮೋಡಿನ ಮುಚ್ಚಳ ತೆರೆದೇ ಇತ್ತು. ಡುಬುಕ್.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಬಿಸಿನೀರಲ್ಲಿ ತೊಳೆದರೆ..." ಅಂತ ಶುರು ಮಾಡಿದೆ.

"ಅದು ಇನ್ನು ನಿಮ್ದು" ಅಂದಳು. ಅವತ್ತು ಸಂಜೆ ಗಾಂಧಿಬಜಾರಿನಿಂದ ಹೊಸ ಲಟ್ಟಣಿಗೆ ಬಂತು. ಹಳೆಯದು ನನ್ನ ಸ್ಪ್ಯಾನರ್ ಡಬ್ಬಿಯಲ್ಲಿದೆ.

ಸುಯ್ಯ್ ನಿಂತಿದೆ, ಅದನ್ನು ಮಾತ್ರ ಯಾರೂ ಹೊಗಳಲಿಲ್ಲ. ಮಾವ ಸೋಮವಾರ ಬೆಳಿಗ್ಗೆ ವಾಕಿಂಗ್ ಅಂತ ಹೋದವರು ಮಧ್ಯಾಹ್ನ ಬಂದರು. ಎರಡು ದಿನ ನೀರು ಬಿಟ್ಟರೆ ಏನೂ ಮುಟ್ಟಲಿಲ್ಲ. ಬುಧವಾರ ಮತ್ತೆ ವಾಕಿಂಗ್. ಈ ಸಲ ಮುಖ ಅರಳಿಸಿಕೊಂಡು ಬಂದು, ನನ್ನನ್ನು ಪಕ್ಕಕ್ಕೆ ಕರೆದು, ಜೇಬಿನಿಂದ ಲ್ಯಾಬಿನ ಲಕೋಟೆ ತೆಗೆದರು.

"ಮಗಳಿಗೆ ಹೇಳ್ಬೇಡಿ, ಸುಮ್ನೆ ಗಾಬರಿ ಆಗ್ತಾಳೆ. ಎಲ್ಲ ನಾರ್ಮಲ್ ಬಂತು ಅಳಿಯಂದ್ರೇ. 650 ರೂಪಾಯಿ ಹೋದ್ರೂ ಚಿಂತೆಯಿಲ್ಲ."

ನಾನೂ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ.