ಯಾರೂ ತೆರೆಯಬಾರದು, ಆದರೆ ತೆರೆದುಕೊಡಬೇಕು!

ಪ್ರಿಂಟರ್‌ನಲ್ಲಿ ಸಿಕ್ಕಿಹಾಕಿಕೊಂಡ ಹಾಳೆಯನ್ನು ಯಾರು ಎಳೆದು ತೆಗೆಯುತ್ತಾರೋ ಅವರೇ ಆಫೀಸಿನ ಕಂಪ್ಯೂಟರ್ ಪಂಡಿತರು. ಆ ಪಟ್ಟ ನನ್ನ ತಲೆಗೆ ಬಿದ್ದು ಬಹಳ ಕಾಲವಾಯಿತು. ಹಾಗಾಗಿ ಈ ಕೆಲಸವೂ ನನಗೇ ಬಂತು. "ಫೈಲ್ ಹಂಚಿಕೊಳ್ಳೋಕೆ ಒಂದು ಸೇಫ್ ಆಗಿರೋ ಸರ್ವಿಸ್ ನೋಡ್ರಿ. ಜಾಸ್ತಿ ತಲೆ ಕೆಡಿಸ್ಕೋಬೇಡಿ" ಅಂದರು ಸಾಹೇಬರು.

ಕೆಡದೆ ಇರುತ್ತಾ? ಯಾವ ಕಂಪನಿಯ ಪುಟ ತೆರೆದರೂ ದೊಡ್ಡದೊಂದು ಬೀಗದ ಚಿತ್ರ, ಅದರ ಕೆಳಗೆ 'ಮಿಲಿಟರಿ ದರ್ಜೆಯ ಎನ್‌ಕ್ರಿಪ್ಷನ್', ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಫೈಲನ್ನು ಗೂಢಲಿಪಿ ಮಾಡಿಡುವುದು. ನಮ್ಮ ಕೊಟೇಶನ್‌ಗೆ ಸೈನಿಕರ ಕಾವಲು! ವಿಚಾರಿಸಿದರೆ ಅದು ಎಇಎಸ್-256 ಅನ್ನೋ ಗೂಢಲಿಪಿ ವಿಧಾನ. 2001ರಲ್ಲೇ ಅಮೆರಿಕ ಬಹಿರಂಗವಾಗಿ ಪ್ರಕಟಿಸಿದ್ದು. ಈಗ ಎಲ್ಲರೂ ಬಳಸುವಂಥದ್ದೇ. ಬೀಗ ಗಟ್ಟಿ, ಸರಿ. ಕೀಲಿಕೈ ಯಾರ ಹತ್ತಿರ ಇರುತ್ತೆ ಅಂತ ಮಾತ್ರ ಯಾರೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ.

ಡೆಮೊ ಕೊಡಲು ಬಂದ ಹುಡುಗನನ್ನು ಅದನ್ನೇ ಕೇಳಿದೆ. "ಎಂಡ್-ಟು-ಎಂಡ್ ತಗೊಂಡ್ರೆ ಕೀಲಿ ನಿಮ್ಮ ಹತ್ರಾನೇ ಸಾರ್. ನಾವೂ ತೆರೆಯೋಕಾಗಲ್ಲ" ಅಂದ.

"ಭೇಷ್!" ಅಂದರು ಸಾಹೇಬರು. "ಪಾಸ್‌ವರ್ಡ್ ಮರೆತರೆ?"

"ರಿಕವರಿ ಕೀ ಕೊಟ್ಟಿರ್ತೀವಿ. ಅದೂ ಕಳೆದುಹೋದ್ರೆ ಫೈಲ್ ಹೋದ ಹಾಗೇ ಸಾರ್."

ಸಾಹೇಬರು ಸ್ವಲ್ಪ ಯೋಚಿಸಿದರು. "ಯಾರೂ ತೆರೆಯಬಾರದು. ಆದ್ರೆ ನಾನು ಫೋನ್ ಮಾಡಿದ್ರೆ ತೆರೆದು ಕೊಡಬೇಕು. ಅಂಥ ಪ್ಲಾನ್ ಇದ್ಯಾ?"

ಆ ಹುಡುಗನ ಮುಖ ನೋಡಿ ಪಾಪ ಅನಿಸಿತು.

ಅಂತೂ ಒಂದನ್ನು ಆರಿಸಿದೆವು. ಹಳೆಯ ಫೋಲ್ಡರ್‌ಗಳನ್ನು ಅಲ್ಲಿಗೆ ಸಾಗಿಸುವಾಗ ಯಾರಿಗೆಲ್ಲ ಪ್ರವೇಶ ಇದೆ ಅಂತ ನೋಡಿದರೆ, ಕೆಲಸ ಬಿಟ್ಟು ಹೋದವರೆಲ್ಲ ಇನ್ನೂ ಒಳಗೇ ಇದ್ದರು. ಒಬ್ಬೊಬ್ಬರನ್ನೇ ತೆಗೆಯುತ್ತಾ ಬಂದೆ. ನನಗೆ ಎಕ್ಸೆಲ್ ಕಲಿಸಿ, ನಿವೃತ್ತರಾಗಿ ಹೋದ ಹಿರಿಯರ ಹೆಸರು ಬಂದಾಗ ಮಾತ್ರ ಕೈ ಸ್ವಲ್ಪ ತಡೆಯಿತು. 'ತೆಗೆದುಹಾಕಬೇಕೇ?' ಅಂತ ಅದು ಬೇರೆ ಇನ್ನೊಂದು ಸಲ ಕೇಳುತ್ತೆ.

ಇಷ್ಟೆಲ್ಲ ಆದ ಮೇಲೂ ನಮ್ಮ ಅಕೌಂಟ್ಸ್ ಮೇಡಂ ಇದ್ದಾರಲ್ಲ! ಅವರಿಗೆ ಅಪ್‌ಲೋಡ್, ಲಿಂಕ್, ಅನುಮತಿ ಎಲ್ಲ ಸುಮ್ನೆ ರಗಳೆ. ಫೈಲ್ ಕೇಳಿದರೆ ಪರದೆ ಮೇಲೆ ತೆರೆದು, ಮೊಬೈಲ್‌ನಲ್ಲಿ ಫೋಟೋ ಹೊಡೆದು ವಾಟ್ಸಾಪ್‌ಗೆ ಹಾಕುತ್ತಾರೆ. ಟ್ಯೂಬ್‌ಲೈಟ್‌ನ ಬೆಳಕು ಸರಿಯಾಗಿ ಒಟ್ಟು ಮೊತ್ತದ ಮೇಲೇ ಬಿದ್ದಿರುತ್ತೆ. ಮೂಲೆಯಲ್ಲಿ ಅವರ ಹೆಬ್ಬೆರಳು. ಪರದೆಯ ಅಂಚಿಗೆ ಅಂಟಿಸಿದ ಹಳದಿ ಚೀಟಿಯೂ ಫೋಟೋದಲ್ಲಿ ಬಂದಿರುತ್ತೆ. ಚೀಟಿಯಲ್ಲಿ ಏನಿದೆ ಅಂತ ಹೇಳಬೇಕಾ? ಪಾಸ್‌ವರ್ಡ್. ಮೊತ್ತ ಓದೋಕಾಗಲ್ಲ, ಪಾಸ್‌ವರ್ಡ್ ಮಾತ್ರ ಮುತ್ತಿನಂಥ ಅಕ್ಷರದಲ್ಲಿ!

"ಮೇಡಂ, ಹೀಗೆ ಕಳಿಸಿದ್ರೆ ಅಷ್ಟು ದೊಡ್ಡ ಬೀಗ ಯಾಕೆ?" ಅಂದೆ.

"ನಾನು ಕಳಿಸಿದ್ದು ನಮ್ಮ ಗ್ರೂಪಿಗೇ ಅಲ್ವಾ? ಎಲ್ಲ ನಮ್ಮವರೇ" ಅಂದರು.

ಆ ಗ್ರೂಪಿನಲ್ಲಿ ಕೆಲಸ ಬಿಟ್ಟವರೂ ಇದ್ದಾರೆ, ಹೋದ ವರ್ಷ ಎಸಿ ರಿಪೇರಿಗೆ ಬಂದವನೂ ಇದ್ದಾನೆ. ಅವನಂತೂ ಒಮ್ಮೆ ಬ್ಯಾಲೆನ್ಸ್ ಶೀಟ್‌ಗೆ ಹೆಬ್ಬೆಟ್ಟು ಎತ್ತಿ ಮೆಚ್ಚುಗೆ ಕೊಟ್ಟಿದ್ದ.

ಬೇಡಿಕೊಂಡೆ, ಕೂತು ಹೇಳಿಕೊಟ್ಟೆ. ನಿನ್ನೆ ಮೇಡಂ ತಾವಾಗಿಯೇ ಬಂದು, "ನೀವು ಹೇಳಿದ ಹಾಗೆ ಹೊಸದರಲ್ಲೇ ಹಾಕಿದೀನಿ ನೋಡಿ" ಅಂದರು. ಪಾಸ್‌ವರ್ಡ್ ಕೊಟ್ಟೆ, ಒಟಿಪಿ ಹಾಕಿದೆ, ಬಾಗಿಲು ತೆರೆಯಿತು. ಒಳಗೆ ಅದೇ ಪರದೆಯ ಫೋಟೋ. ಈ ಸಲ ಅಡ್ಡಡ್ಡ.